ಪ್ರೋಟೀನ್ ಲೆಕ್ಕ ಸರಿಯಾಗಿತ್ತು, ಸಿಗಡಿ ಬೆಳೆಯಲಿಲ್ಲ: ಶಿಡ್ಲಘಟ್ಟ ಕಡೆಯ ಒಂದು ಕೃಷಿ ಹೊಂಡದ ಪ್ರಕರಣ

"ಮೀನೆಲ್ಲ ಚೆನ್ನಾಗಿವೆ. ಸಿಗಡಿ ಮಾತ್ರ ಒಂದೊಂದಾಗಿ ಸಾಯ್ತಾ ಇದೆ ಕಣಮ್ಮಾ."

ಸೆಪ್ಟೆಂಬರ್ ಮೊದಲ ವಾರ, ಬೆಳಿಗ್ಗೆ ಆರೂವರೆಗೆ ಮಾವನ ಫೋನು. ನಾನು ಮಂಗಳೂರಿನಲ್ಲಿ ಮೀನುಗಾರಿಕೆ ಓದಿದವಳು. ಹಾಗಾಗಿ ನಮ್ಮ ಮನೆಯ ಕಡೆ ನೀರೊಳಗೆ ಏನು ಸತ್ತರೂ ಫೋನು ನನಗೇ ಬರುತ್ತದೆ. ಅಕ್ವೇರಿಯಂ ಮೀನು ಸತ್ತರೂ ಅಷ್ಟೆ. ಆದರೆ ಮಾವ ಅವತ್ತು ಹೇಳಿದ ಆ ಎರಡು ಮಾತಿನಲ್ಲೇ ಅರ್ಧ ಉತ್ತರ ಇತ್ತು. ಅದು ನನಗೆ ಹೊಳೆಯೋದಕ್ಕೆ ಎರಡು ವಾರ ಹಿಡಿಯಿತು.

ಹೊಂಡ

ಮಾವನ ಊರು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನಲ್ಲಿದೆ. ಎರಡೂವರೆ ಎಕರೆ ಹಿಪ್ಪುನೇರಳೆ, ಅರ್ಧ ಎಕರೆ ಟೊಮೇಟೊ, ಮಿಕ್ಕಿದ್ದು ರಾಗಿ. ರೇಷ್ಮೆ ಹುಳು ಸಾಕೋದು ಮನೆತನದ ಕಸುಬು. ಕೃಷಿ ಹೊಂಡ 30 ಮೀಟರ್ ಉದ್ದ, 30 ಮೀಟರ್ ಅಗಲ. ಅಂದರೆ ಹತ್ತಿರ ಹತ್ತಿರ ಒಂಬತ್ತು ಗುಂಟೆ. ತಳಕ್ಕೂ ಬದಿಗೂ ಕಪ್ಪು ಪ್ಲಾಸ್ಟಿಕ್ ಹಾಳೆ. ನೀರು ಬೋರ್‌ವೆಲ್ಲಿನದು, ಜೊತೆಗೆ ಮಳೆ ಬಂದಾಗ ಹೊಲದ ಮೇಲಿಂದ ಹರಿದು ಬರುವುದು.

ಎರಡು ವರ್ಷ ಕಾಟ್ಲಾ, ರೋಹು ಸಾಕಿ ಕೈ ಪಳಗಿತ್ತು. ಮೂರನೇ ವರ್ಷ ಸಿಹಿನೀರಿನ ದೊಡ್ಡ ಸಿಗಡಿ ಬಿಡೋಣ ಅನ್ನಿಸಿತು. ವ್ಯಾಪಾರದವರು ಸ್ಕ್ಯಾಂಪಿ ಅನ್ನುತ್ತಾರೆ, ಶಾಸ್ತ್ರದ ಹೆಸರು ಮ್ಯಾಕ್ರೋಬ್ರಾಕಿಯಂ ರೋಸೆನ್‌ಬರ್ಗಿ. ಸಿಹಿನೀರಿನ ಜೀವವೇ ಆದರೂ ಮೊಟ್ಟೆಯಿಂದ ಬಂದ ಮೊದಲ ದಿನಗಳಿಗೆ ಉಪ್ಪು ಬೆರೆತ ನೀರು ಬೇಕು. ಅದಕ್ಕೇ ಮರಿ ಬರುವುದು ಕರಾವಳಿಯ ಹ್ಯಾಚರಿಗಳಿಂದ. ಮಾವ ಜುಲೈ ಮೊದಲ ವಾರ ಒಂದೆರಡು ಗ್ರಾಂ ತೂಗುವ 2,500 ಮರಿ ಬಿಟ್ಟರು. ಜೊತೆಗೆ 200 ಕಾಟ್ಲಾ, ರೋಹು. ಮೃಗಾಲ ಮತ್ತು ಸಾಮಾನ್ಯ ಗೆಂಡೆ ಬೇಡ ಅಂದಿದ್ದೆ. ಅವು ತಳದಲ್ಲಿ ಮೇಯುತ್ತವೆ, ಸಿಗಡಿಯ ತಟ್ಟೆಗೇ ಕೈ ಹಾಕುತ್ತವೆ. ಈ ಮಾತನ್ನು ಮಾವ ಕೇಳಿದ್ದರು.

ಕೇಳದೇ ಮಾಡಿದ್ದು ಆಹಾರದ ವಿಷಯ. ಕಂಪನಿ ಗುಳಿಗೆ ದುಬಾರಿ. ಶಿಡ್ಲಘಟ್ಟದಲ್ಲಿ ಗೂಡು ಬಿಚ್ಚಿ ನೂಲು ತೆಗೆದ ಮೇಲೆ ಉಳಿಯುವ ಹುಳಕ್ಕೆ ಬರವೇ ಇಲ್ಲ. ಪ್ಯೂಪಾ ಅಂತ ಎಲ್ಲರಿಗೂ ಗೊತ್ತು, ವಾಸನೆಯಂತೂ ಇನ್ನೂ ಚೆನ್ನಾಗಿ ಗೊತ್ತು. ಒಣಗಿಸಿದ ಪ್ಯೂಪಾದಲ್ಲಿ ನೂರಕ್ಕೆ 50ರಷ್ಟು ಪ್ರೋಟೀನ್ ಇದೆ ಅಂತ ಯಾರೋ ಹೇಳಿದ್ದರು. ಹೇಳಿದ್ದು ನಿಜವೇ. ಮಾವ ಅದಕ್ಕೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸೇರಿಸಿ, ನೀರು ಹಾಕಿ ಉಂಡೆ ಕಟ್ಟಿ ದಿನಕ್ಕೆ ಎರಡು ಕೆಜಿ ಹಾಕುತ್ತಿದ್ದರು.

ನಾನು ಮಾಡಿದ ತಪ್ಪು

ಫೋನಿನಲ್ಲಿ ಕೇಳಿದೆ: "ಸತ್ತಿರೋ ಸಿಗಡಿ ಹೇಗಿವೆ ಮಾವ?"

"ಸಿಪ್ಪೆ ಮೆತ್ತಗೆ. ಹಿಚುಕಿದರೆ ಕಾಗದದ ಥರ."

ಸಿಪ್ಪೆ ಮೆತ್ತಗೆ ಅಂದ ಕೂಡಲೇ ನನ್ನ ತಲೆ ಕ್ಯಾಲ್ಸಿಯಂ ಕಡೆ ಓಡಿತು. "ಸ್ವಲ್ಪ ಸುಣ್ಣ ಹಾಕಿ ನೋಡಿ" ಅಂದೆ. ಯಾವ ಸುಣ್ಣ ಅಂತ ಹೇಳಲಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ಪುಡಿ ಮಾಡಿದ ಕೃಷಿ ಸುಣ್ಣ. ಮಾವನ ಮನೆಯಲ್ಲಿದ್ದದ್ದು ಗೋಡೆಗೆ ಹೊಡೆಯುವ ಸುಣ್ಣ. ಅದನ್ನೇ ಎರಡು ಬಕೆಟ್ ಕಲಸಿ ಸುರಿದರು. ಮಾರನೇ ದಿನ ಬೆಳಿಗ್ಗೆ ಮೂವತ್ತು, ನಲವತ್ತು ಸಿಗಡಿ ದಡಕ್ಕೆ ಬಂದು ಬಿದ್ದಿದ್ದವು.

ಆದದ್ದು ಇಷ್ಟು. ತಿನ್ನದೆ ಉಳಿದ ಆಹಾರ ಮತ್ತು ಹಿಕ್ಕೆ ಕೊಳೆತು ನೀರಿನಲ್ಲಿ ಅಮೋನಿಯಾ ಕೂಡಿಕೊಂಡಿತ್ತು. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ತಗ್ಗಿನಲ್ಲಿದ್ದಾಗ ಅಮೋನಿಯಾದ ಬಹುಪಾಲು ಅಷ್ಟಾಗಿ ಕೆಡುಕು ಮಾಡದ ರೂಪದಲ್ಲಿ ಇರುತ್ತದೆ. ಪಿಎಚ್ ಏರಿದರೆ ಅದೇ ಅಮೋನಿಯಾ ವಿಷದ ರೂಪಕ್ಕೆ ತಿರುಗುತ್ತದೆ. ಗೋಡೆ ಸುಣ್ಣ ಪಿಎಚ್ಚನ್ನು ಒಂದೇ ಏಟಿಗೆ ಏರಿಸುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೂ ನೀರು ನೋಡದೆ, ಬೆಳಿಗ್ಗೆ ಆರೂವರೆಗೆ ಹಾಸಿಗೆಯಲ್ಲೇ ಕೂತು ಔಷಧಿ ಹೇಳಿಬಿಟ್ಟೆ. ಆ ನಲವತ್ತು ಸಿಗಡಿ ನನ್ನ ಲೆಕ್ಕಕ್ಕೆ.

ಶನಿವಾರ ಬಸ್ಸು ಹತ್ತಿದೆ.

ನೀರು, ಔಷಧಿ, ಆಮೇಲೆ ಹೊಟ್ಟೆ

ಮೊದಲು ನೀರು ನೋಡಿದೆ. ಬೋರ್‌ವೆಲ್ ನೀರು ಚೆನ್ನಾಗಿ ಗಡಸು. ಅತ್ತೆಯ ಸ್ನಾನದ ಹಂಡೆಯೊಳಗೆ ಬಿಳಿ ಪದರ ನೋಡಿದರೆ ನೀರು ಪರೀಕ್ಷೆ ಮಾಡೋ ಕಿಟ್ ಕೂಡ ಬೇಕಿರಲಿಲ್ಲ. ಅಂದರೆ ಕ್ಯಾಲ್ಸಿಯಂ ಕಮ್ಮಿ ಆಗೋ ಮಾತೇ ಇಲ್ಲ. ಸಿಗಡಿ ಹೊಸ ಸಿಪ್ಪೆ ಗಟ್ಟಿ ಮಾಡಿಕೊಳ್ಳಲು ಕ್ಯಾಲ್ಸಿಯಂನ ದೊಡ್ಡ ಪಾಲನ್ನು ನೀರಿನಿಂದಲೇ ಎಳೆದುಕೊಳ್ಳುತ್ತದೆ. ಈ ಜಾತಿಗೆ ವಿಪರೀತ ಗಡಸು ನೀರೂ ಒಳ್ಳೆಯದಲ್ಲ. ಬೆಳವಣಿಗೆ ಕುಗ್ಗುತ್ತದೆ, ಸಿಪ್ಪೆಯ ಮೇಲೆ ಸುಣ್ಣದ ಹೊಪ್ಪಳೆ ಕೂರುತ್ತದೆ. ನಾನು ಸುಣ್ಣ ಹಾಕಿ ಅಂದದ್ದು ಇಂಥ ನೀರಿಗೆ! ಮಾವನ ಹೊಂಡದಲ್ಲಿ ಮಳೆ ನೀರು ಸೇರಿದ್ದರಿಂದ ಹೊಪ್ಪಳೆ ಮಟ್ಟಕ್ಕೆ ಹೋಗಿರಲಿಲ್ಲ.

ಎರಡನೇ ಅನುಮಾನ ಟೊಮೇಟೊ ಔಷಧಿ. ಪಕ್ಕದ ಹೊಲದವರು ವಾರಕ್ಕೆ ಎರಡು ಸಲ ಹೊಡೆಯುತ್ತಾರೆ. ಹುಳು ಕೊಲ್ಲುವ ಔಷಧಿ ಸಿಗಡಿಯನ್ನೂ ಕೊಲ್ಲುತ್ತದೆ. ಯಾಕೆಂದರೆ ಹುಳು, ಸಿಗಡಿ, ಏಡಿ ಎಲ್ಲ ಒಂದೇ ವಂಶದವು. ಮೀನು ತಡೆದುಕೊಳ್ಳುವ ಪ್ರಮಾಣಕ್ಕೆ ಸಿಗಡಿ ಉರುಳಿಬಿಡುತ್ತದೆ. ಮೀನು ಚೆನ್ನಾಗಿದ್ದು ಸಿಗಡಿ ಮಾತ್ರ ಸಾಯುತ್ತಿದ್ದದ್ದು ಇದಕ್ಕೆ ಸರಿಯಾಗಿ ಹೊಂದುತ್ತಿತ್ತು. ಆದರೆ ಔಷಧಿ ಹರಿದು ಬಂದರೆ ಒಂದು ರಾತ್ರಿಯಲ್ಲಿ ನೂರಾರು ಸಾಯಬೇಕು. ಇಲ್ಲಿ ಸುಣ್ಣದ ದಿನ ಬಿಟ್ಟರೆ ದಿನಕ್ಕೆ ನಾಲ್ಕೈದು. ಅದೂ ಸಾಯುತ್ತಿದ್ದದ್ದೆಲ್ಲ ಆಗಷ್ಟೇ ಸಿಪ್ಪೆ ಕಳಚಿದ್ದು, ಇಲ್ಲವೇ ಅರ್ಧ ಕಳಚಿ ಸಿಕ್ಕಿಕೊಂಡದ್ದು.

ಇದನ್ನು ಮಾವನಿಗೆ ವಿವರಿಸೋದು ಸುಲಭವಾಯಿತು. ಹುಳು ಸಾಕುವವರಿಗೆ ಪೊರೆ ಬಿಡುವುದು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಪೊರೆ ಬಿಡುವ ಹೊತ್ತನ್ನು ಅವರು ಜ್ವರ ಅನ್ನುತ್ತಾರೆ. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ಮುಟ್ಟುವುದಿಲ್ಲ, ಯಾರೂ ಅಲುಗಾಡಿಸಬಾರದು. ಸಿಗಡಿಗೂ ಹಾಗೇ ಜ್ವರ, ಆದರೆ ನಾಲ್ಕಕ್ಕೆ ನಿಲ್ಲುವುದಿಲ್ಲ. ಬೆಳೆಯುವಷ್ಟು ಕಾಲವೂ ಕಳಚುತ್ತಲೇ ಇರುತ್ತದೆ. "ಜ್ವರ ಎದ್ದ ಹುಳಕ್ಕೆ ಶಕ್ತಿ ಇಲ್ಲದಿದ್ರೆ ಪೊರೆಯಲ್ಲೇ ಸಾಯ್ತದೆ" ಅಂದರು ಮಾವ. ಅಲ್ವಾ, ಅದೇ.

ಬೀಸುಬಲೆ ಹಾಕಿ ಮೂವತ್ತು ಸಿಗಡಿ ಹಿಡಿದೆವು. ಎರಡು ತಿಂಗಳು ದಾಟಿದೆ, ಹೆಚ್ಚಿನವು ಐದಾರು ಗ್ರಾಂ ಮಾತ್ರ. ಒಂದೆರಡು ಮಾತ್ರ ಇಪ್ಪತ್ತು ಗ್ರಾಂ ಇದ್ದವು. ಈ ಏರುಪೇರು ನೋಡಿ "ದೊಡ್ಡವು ಎಲ್ಲಾ ತಿಂದುಬಿಡ್ತಾವೆ" ಅಂದರು ಮಾವ. ಅದು ಪೂರ್ತಿ ಆಹಾರದ ತಪ್ಪಲ್ಲ. ಈ ಜಾತಿಯ ಗಂಡುಗಳಲ್ಲಿ ಮೂರು ಬಗೆ ಇರುತ್ತದೆ: ಸಣ್ಣವು, ಕಿತ್ತಳೆ ಕೊಂಡಿಯವು, ಉದ್ದನೆಯ ನೀಲಿ ಕೊಂಡಿಯ ಯಜಮಾನರು. ಯಜಮಾನ ಇದ್ದ ಕಡೆ ಸಣ್ಣವು ತಗ್ಗಿಕೊಂಡೇ ಇರುತ್ತವೆ. ಎಷ್ಟು ಒಳ್ಳೆಯ ಆಹಾರ ಕೊಟ್ಟರೂ ಎಲ್ಲವೂ ಒಂದೇ ಅಳತೆಗೆ ಬರುವುದಿಲ್ಲ. ಆದರೆ ಸರಾಸರಿಯೇ ಆರು ಗ್ರಾಂಗೆ ನಿಂತರೆ ಅದು ಬೇರೆ ವಿಷಯ.

ನಾಲ್ಕು ಸಿಗಡಿಯ ತಲೆ ಬಿಚ್ಚಿದೆ. ಅಲ್ಲೇ ಇದೆ ಹೆಪಟೋಪ್ಯಾಂಕ್ರಿಯಾಸ್. ನಮಗೆ ಲಿವರ್ ಬೇರೆ, ಮೇದೋಜೀರಕ ಬೇರೆ. ಸಿಗಡಿಗೆ ಎರಡೂ ಒಂದೇ, ಕೊಬ್ಬಿನ ಉಗ್ರಾಣವೂ ಅದೇ. ಚೆನ್ನಾಗಿದ್ದಾಗ ಕಂದು ಬಣ್ಣ, ಗಟ್ಟಿ ಅಂಚು. ಇವು ತೆಳು ಹಳದಿಗೆ ತಿರುಗಿ, ಊದಿಕೊಂಡು, ಬೆರಳಿಗೆ ಎಣ್ಣೆಯಂತೆ ಅಂಟಿದವು.

ಮಾರನೇ ದಿನ ಬೆಳಿಗ್ಗೆ ಆಹಾರ ಹಾಕುವ ಮೂಲೆಯಲ್ಲಿ ನಿಂತು ನೋಡಿದೆ. ನೀರಿನ ಮೇಲೆ ಸಣ್ಣಗೆ ಎಣ್ಣೆಯ ಹೊಳಪು. ಉಂಡೆ ಬಿದ್ದ ಹತ್ತೇ ನಿಮಿಷಕ್ಕೆ ಒಡೆಯಿತು. ಪ್ಯೂಪಾ ಚೂರುಗಳು ತೇಲಿ ಮೇಲೆ ಬಂದವು. ಕಾಟ್ಲಾ ಮರಿಗಳು ಬಂದು ಸುಗ್ಗಿ ಮಾಡಿದವು. ತೌಡು ಮೋಡದ ಹಾಗೆ ಹರಡಿ ಹೋಯಿತು. ಮೀನು ಯಾಕೆ ಚೆನ್ನಾಗಿದ್ದವು ಅಂತ ಅಲ್ಲಿ ಗೊತ್ತಾಯಿತು.

ಲೆಕ್ಕ ಬರೆದದ್ದು

ಅತ್ತೆಯ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಮಾವನ ಮಿಶ್ರಣ ಬರೆದೆ. ನೂರು ಕೆಜಿಗೆ ಪ್ಯೂಪಾ 50, ಹಸಿ (ಎಣ್ಣೆ ತೆಗೆಯದ) ಅಕ್ಕಿ ತೌಡು 35, ಕಡಲೆಕಾಯಿ ಹಿಂಡಿ 15.

ಪ್ರೋಟೀನ್ ಮೊದಲು. ಪ್ಯೂಪಾದಿಂದ 25 ಕೆಜಿ. ತೌಡಿನಲ್ಲಿ ನೂರಕ್ಕೆ ಸುಮಾರು 12, ಅಂದರೆ 4 ಕೆಜಿ ಚಿಲ್ಲರೆ. ಹಿಂಡಿಯಲ್ಲಿ ನೂರಕ್ಕೆ 42ರ ಹತ್ತಿರ, ಅಂದರೆ 6 ಕೆಜಿ ಚಿಲ್ಲರೆ. ಒಟ್ಟು ನೂರಕ್ಕೆ 35. ಈ ಸಿಗಡಿಗೆ ಬೆಳೆಯುವ ಕಾಲದಲ್ಲಿ ಬೇಕಾದದ್ದು ನೂರಕ್ಕೆ 30ರಿಂದ 35. ಮಾವನ ಲೆಕ್ಕ ಪಕ್ಕಾ.

ಈಗ ಕೊಬ್ಬು. ಎಣ್ಣೆ ತೆಗೆಯದ ಒಣ ಪ್ಯೂಪಾದಲ್ಲಿ ನೂರಕ್ಕೆ 25ರಿಂದ 30ರಷ್ಟು ಎಣ್ಣೆಯೇ. 28 ಅಂತ ಹಿಡಿದರೆ 14 ಕೆಜಿ. ಹಸಿ ತೌಡಿನಲ್ಲಿ ನೂರಕ್ಕೆ 15, ಅಂದರೆ ಇನ್ನೂ 5 ಕೆಜಿ. ಹಿಂಡಿಯಿಂದ 1. ಒಟ್ಟು ನೂರಕ್ಕೆ 20. ಸಿಗಡಿಗೆ 5ರಿಂದ 8 ಇದ್ದರೆ ಸಾಕು. 10 ದಾಟಿದರೆ ಬೆಳವಣಿಗೆ ಹಿಂದೆ ಬೀಳುತ್ತದೆ.

"ಕೊಬ್ಬು ಅಂದ್ರೆ ಶಕ್ತಿ ತಾನೇ? ಜಾಸ್ತಿ ಇದ್ರೆ ಒಳ್ಳೇದಲ್ವಾ?" ಅಂದರು ಮಾವ.

ಕೆಲವು ಮೀನಿಗೆ ಹೌದು. ತಣ್ಣೀರಿನ ಸಾಲ್ಮನ್ ಮೀನಿಗೆ ನೂರಕ್ಕೆ 30ರಷ್ಟು ಕೊಬ್ಬಿರುವ ಆಹಾರ ಕೊಡುತ್ತಾರೆ, ಅದು ಜೀರ್ಣಿಸಿಕೊಂಡು ಬೆಳೆಯುತ್ತದೆ. ಸಿಗಡಿ, ಏಡಿ, ಕ್ರೇಫಿಶ್ (ಸಿಗಡಿಯ ಥರದ್ದೇ, ದಪ್ಪ ಕೊಂಡಿಯ ಸಿಹಿನೀರಿನ ಜೀವ) ಜಾತಿಗಳಿಗೆ ಆ ಸಾಮರ್ಥ್ಯ ಇಲ್ಲ. ಹೆಚ್ಚಾದ ಕೊಬ್ಬು ಆ ಹಳದಿ ಅಂಗದಲ್ಲಿ ತುಂಬಿಕೊಳ್ಳುತ್ತದೆ. ಇವುಗಳಿಗೆ ಶಕ್ತಿಗೆ ಬೇಕಾದದ್ದು ಹಿಟ್ಟು. ಬೇಯಿಸಿದ ಧಾನ್ಯದ ಪಿಷ್ಟವನ್ನು ಅವು ಚೆನ್ನಾಗಿ ಬಳಸಿಕೊಳ್ಳುತ್ತವೆ. ಹಿಟ್ಟು ಇದ್ದರೆ ಪ್ರೋಟೀನ್ ಮೈ ಕಟ್ಟೋದಕ್ಕೆ ಉಳಿಯುತ್ತದೆ. ಇಲ್ಲದಿದ್ದರೆ ದುಬಾರಿ ಪ್ರೋಟೀನನ್ನೇ ಸೌದೆ ಮಾಡಿ ಉರಿಸಿಬಿಡುತ್ತವೆ. ಅದರ ಬೂದಿ ಅಂದರೆ ಅಮೋನಿಯಾ, ಕಿವಿರಿನಿಂದ ನೇರ ನೀರಿಗೆ.

ಪ್ಯೂಪಾ ಎಣ್ಣೆಗೆ ಇನ್ನೊಂದು ಕಾಯಿಲೆ ಇದೆ. ಅದರಲ್ಲಿ ಲಿನೋಲೆನಿಕ್ ಆಮ್ಲ ಅನ್ನೋ ಒಂದು ಬಗೆಯ ಕೊಬ್ಬು ಜಾಸ್ತಿ. ಆಹಾರವಾಗಿ ಅದು ಒಳ್ಳೆಯದೇ, ಆದರೆ ಗಾಳಿ ಬಿಸಿಲಿಗೆ ಬೇಗ ಕಮಟು ಹಿಡಿಯುತ್ತದೆ. ಮಾವನ ಮೂಟೆಗಳು ಎರಡು ತಿಂಗಳಿಂದ ತಗಡಿನ ಶೆಡ್ಡಿನಲ್ಲಿದ್ದವು. ಕಮಟು ಎಣ್ಣೆ ಆಹಾರದಲ್ಲಿರುವ ವಿಟಮಿನ್ ಇ ಹಾಳು ಮಾಡುತ್ತದೆ. ಮೊದಲೇ ಊದಿಕೊಂಡ ಆ ಅಂಗಕ್ಕೆ ಇದೂ ಒಂದು ಏಟು. ಪ್ಯೂಪಾದ ಸಹಜ ವಾಸನೆಯೇ ಹಾಗಿರೋದರಿಂದ ಕಮಟು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಅದು ಮಾವನ ತಪ್ಪಲ್ಲ ಬಿಡಿ.

ಎಣ್ಣೆ ಜಾಸ್ತಿ ಇದ್ದರೆ ಉಂಡೆ ಕಟ್ಟಿಕೊಳ್ಳುವುದೂ ಇಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಸಿಗಡಿ ಮೀನಿನ ಹಾಗೆ ಗಬಕ್ ಅಂತ ನುಂಗುವುದಿಲ್ಲ. ತುಣುಕನ್ನು ಕಾಲಿನಲ್ಲಿ ಹಿಡಿದು, ಬಾಯಿಯ ಹತ್ತಿರ ಇಟ್ಟುಕೊಂಡು, ಕೆರೆಕೆರೆದು ತಿನ್ನುತ್ತದೆ. ತುಣುಕು ಗಂಟೆಗಟ್ಟಲೆ ನೀರಿನಲ್ಲಿ ಗಟ್ಟಿಯಾಗಿ ಉಳಿಯಬೇಕು. ಹತ್ತು ನಿಮಿಷದಲ್ಲಿ ಒಡೆಯುವ ಉಂಡೆಯಿಂದ ಅದಕ್ಕೆ ಸಿಗುವುದು ಕೆಸರು. ಹಾಳೆಯಲ್ಲಿ ನಾನು ಬರೆದ 35 ಅನ್ನೋ ಅಂಕಿ ಸಿಗಡಿಯ ಹೊಟ್ಟೆಗೆ ಹೋಗಿರಲೇ ಇಲ್ಲ. ಹೋದದ್ದು ತಳಕ್ಕೆ ಇಳಿದ ಜಿಡ್ಡಿನ ತೌಡು.

ಆ ಅಂಕಿಯ ಬಗ್ಗೆಯೇ ಇನ್ನೊಂದು ತಕರಾರು. ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಅನ್ನುತ್ತಾರೆ. ಪ್ಯೂಪಾದ ಸಿಪ್ಪೆಯಲ್ಲಿರುವ ಕೈಟಿನ್‌ನಲ್ಲೂ ಸಾರಜನಕ ಇದೆ. ಅದೂ ಲೆಕ್ಕದೊಳಗೆ ಬಂದು ಕೂರುತ್ತದೆ. ಹಾಗಾಗಿ 50ರಲ್ಲಿ ಒಂದಿಷ್ಟು ಬರೀ ಸಿಪ್ಪೆ.

ಕೊಬ್ಬು ಬೇಡ ಅಂತಲ್ಲ

ಇಷ್ಟು ಕೇಳಿ ಅತ್ತೆ "ಹಂಗಾದ್ರೆ ಎಣ್ಣೆ ಇಲ್ಲದ್ದೇ ಹಾಕಿಬಿಡೋಣ" ಅಂದರು. ಅದೂ ಆಗಲ್ಲ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ನನಗೆ ತುಂಬಾ ಇಷ್ಟದ ಭಾಗ ಇದು.

ನಮ್ಮ ಮೈ ಕೊಲೆಸ್ಟ್ರಾಲನ್ನು ತಾನೇ ಮಾಡಿಕೊಳ್ಳುತ್ತದೆ, ಬೇಡ ಅಂದರೂ ಮಾಡುತ್ತದೆ. ಸಿಗಡಿ, ಏಡಿ, ಕ್ರೇಫಿಶ್ ಯಾವುದಕ್ಕೂ ಅದನ್ನು ಮಾಡಿಕೊಳ್ಳಲು ಬರುವುದಿಲ್ಲ. ಆಹಾರದಲ್ಲೇ ಬರಬೇಕು. ಸಿಪ್ಪೆ ಕಳಚುವ ಹೊತ್ತು ಬಂತು ಅಂತ ಮೈಗೆ ಹೇಳುವ ಎಕ್ಡೈಸೋನ್ ಅನ್ನೋ ಹಾರ್ಮೋನು ತಯಾರಾಗುವುದು ಕೊಲೆಸ್ಟ್ರಾಲಿನಿಂದಲೇ. ಬೇಕಾದ ಪ್ರಮಾಣ ಬಹಳ ಸಣ್ಣದು, ನೂರು ಕೆಜಿ ಆಹಾರಕ್ಕೆ ಅರ್ಧ ಕೆಜಿಯ ಆಸುಪಾಸು. ಆದರೆ ಅದು ಇಲ್ಲದಿದ್ದರೆ ಜ್ವರ ಸರಿಯಾಗಿ ಏಳುವುದಿಲ್ಲ.

ಹಿಂಡಿ, ತೌಡು, ಸೋಯಾದಲ್ಲಿ ಕೊಲೆಸ್ಟ್ರಾಲ್ ಇಲ್ಲವೆಂದರೂ ಸರಿ. ಗಿಡದಲ್ಲಿ ಇರುವುದು ಅದರ ದಾಯಾದಿ, ಸಿಟೋಸ್ಟೆರಾಲ್ ಥರದ್ದು. ರೇಷ್ಮೆ ಹುಳಕ್ಕೂ ಸಿಗಡಿಯ ಹಾಗೇ ಕೊಲೆಸ್ಟ್ರಾಲ್ ಮಾಡಿಕೊಳ್ಳಲು ಬರುವುದಿಲ್ಲ. ಆದರೆ ಹುಳು ಜಾಣ. ಹಿಪ್ಪುನೇರಳೆ ಸೊಪ್ಪಿನ ಸಿಟೋಸ್ಟೆರಾಲನ್ನು ತಿಂದು, ಮೈಯೊಳಗೆ ಕೊಲೆಸ್ಟ್ರಾಲಿಗೆ ತಿರುಗಿಸಿಕೊಳ್ಳುತ್ತದೆ. ಸಿಗಡಿಗೆ ಆ ಕೈಚಳಕ ಅಷ್ಟಾಗಿ ಇಲ್ಲ. ಅಂದರೆ ಮಾವನ ತೋಟದ ಸೊಪ್ಪನ್ನು ಹುಳು ತಿಂದು, ಆ ಹುಳವನ್ನು ಸಿಗಡಿ ತಿಂದರೆ, ಸಿಗಡಿಗೆ ಬೇಕಾದ ಕೊಲೆಸ್ಟ್ರಾಲ್ ರೆಡಿ. ಪ್ಯೂಪಾವನ್ನು ಪೂರ್ತಿ ಬಿಡಬೇಡಿ ಅಂತ ನಾನು ಹೇಳಿದ್ದು ಇದಕ್ಕೇ. ಜೊತೆಗೆ ಪ್ಯೂಪಾ ಪ್ರೋಟೀನಿನಲ್ಲಿ ಮೆಥಿಯೋನಿನ್ ಚೆನ್ನಾಗಿದೆ. ಪ್ರೋಟೀನ್ ಕಟ್ಟುವ ಇಟ್ಟಿಗೆಗಳೇ ಅಮೈನೋ ಆಮ್ಲಗಳು; ಸಿಗಡಿಗೆ ಹೊರಗಿನಿಂದ ಬರಲೇಬೇಕಾದ ಹತ್ತರಲ್ಲಿ ಮೆಥಿಯೋನಿನ್ನೂ ಒಂದು. ಕಡಲೆಕಾಯಿ ಹಿಂಡಿಯಲ್ಲಿ ಮೆಥಿಯೋನಿನ್ನೂ ಕಮ್ಮಿ, ಲೈಸಿನ್ನೂ ಕಮ್ಮಿ. ಸೋಯಾದಲ್ಲಿ ಲೈಸಿನ್ ಇದೆ. ಹೀಗೆ ಒಂದರ ಕೊರತೆ ಇನ್ನೊಂದು ತುಂಬಬೇಕು.

ಮೀನಿನ ಎಣ್ಣೆಯಲ್ಲಿ ಸಿಗುವ ಉದ್ದ ಸರಪಳಿಯ ಒಮೇಗಾ-3 ಅನ್ನೋ ಕೊಬ್ಬು ಕೂಡ ಈ ಸಿಗಡಿಗೆ ಚಿಟಿಕೆಯಷ್ಟು ಬೇಕು. ಚಿಟಿಕೆ ಅಂದರೆ ನಿಜವಾಗಿಯೂ ಚಿಟಿಕೆ. ಸ್ವಲ್ಪ ಒಣಮೀನಿನ ಪುಡಿ ಸೇರಿಸಿದರೆ ಮುಗಿಯಿತು.

ಪ್ಲಾಸ್ಟಿಕ್ ಹಾಳೆಯ ವಿಷಯ ಬರುವುದು ಇಲ್ಲಿ. ಮಣ್ಣಿನ ಕೊಳವಾದರೆ ತಳದಲ್ಲಿ ಸಣ್ಣ ಹುಳ, ಬಸವನಹುಳದ ಮರಿ, ಕೊಳೆತ ಎಲೆಯ ಮೇಲಿನ ಪಾಚಿ, ಎಲ್ಲ ಇರುತ್ತದೆ. ಸಿಗಡಿ ರಾತ್ರಿಯೆಲ್ಲ ಅದನ್ನು ಹುಡುಕಿ ತಿನ್ನುತ್ತದೆ. ನಾವು ಕೊಡುವ ಆಹಾರದಲ್ಲಿ ಪ್ರೋಟೀನ್ 25ಕ್ಕೆ ಇಳಿದರೂ, ಕೊಲೆಸ್ಟ್ರಾಲ್ ಇಲ್ಲದಿದ್ದರೂ ಅಲ್ಲಿ ನಡೆದುಹೋಗುತ್ತದೆ. ಹಾಳೆ ಹಾಸಿದ ಹೊಂಡದಲ್ಲಿ ಆ ಮೇವು ಬಹಳ ಕಮ್ಮಿ. ನಾವು ಹಾಕಿದ್ದೇ ಊಟ.

ಮಾವನ ಮಗ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಅಮೆರಿಕದ ಲೂಸಿಯಾನದಲ್ಲಿ ಕೆಂಪು ಕ್ರೇಫಿಶ್‌ಗೆ ಏನೂ ಹಾಕದೆ, ಬರೀ ಭತ್ತದ ಗದ್ದೆಯಲ್ಲಿ ಬೆಳೆಸುತ್ತಾರಂತೆ. "ಅವಕ್ಕೆ ಹುಲ್ಲು ಸಾಕು, ನಮ್ಮವಕ್ಕೆ ಮಾತ್ರ ಯಾಕಕ್ಕಾ ಇಷ್ಟು ರಾಜೋಪಚಾರ?" ಅಂದ. ಒಳ್ಳೆ ಪ್ರಶ್ನೆ. ಅಲ್ಲಿ ಭತ್ತ ಕೊಯ್ದ ಕೂಳೆಗೆ ನೀರು ಕಟ್ಟುತ್ತಾರೆ. ಹುಲ್ಲು ಕೊಳೆಯುತ್ತದೆ, ಅದರ ಮೇಲೆ ಸೂಕ್ಷ್ಮಜೀವಿ, ಅದನ್ನು ತಿನ್ನುವ ಸಣ್ಣ ಹುಳ. ಕ್ರೇಫಿಶ್ ಈ ಹುಳಗಳನ್ನೂ ಹುಲ್ಲನ್ನೂ ತಿನ್ನುತ್ತದೆ. ಪ್ರೋಟೀನ್, ಕೊಲೆಸ್ಟ್ರಾಲ್ ಬರುವುದು ಆ ಹುಳಗಳಿಂದ. ಅಂದರೆ ಅಡುಗೆಮನೆ ಗದ್ದೆಯೊಳಗೇ ಇದೆ. ಆಸ್ಟ್ರೇಲಿಯಾ ಮೂಲದ ಕೆಂಪುಕೊಂಡಿ ಕ್ರೇಫಿಶ್ ಕೂಡ ನೂರಕ್ಕೆ 30ಕ್ಕಿಂತ ಕಮ್ಮಿ ಪ್ರೋಟೀನಿನಲ್ಲಿ ಬೆಳೆಯುವಂಥದ್ದು. ಉಪ್ಪು ನೀರಿನ ಹುಲಿ ಸಿಗಡಿ ಇದಕ್ಕೆ ತದ್ವಿರುದ್ಧ, ಮಾಂಸವೇ ಬೇಕು ಅನ್ನೋ ಜಾತಿ, 36ರಿಂದ 42ರವರೆಗೂ ಕೇಳುತ್ತದೆ. ನಮ್ಮ ಸ್ಕ್ಯಾಂಪಿ ಇವುಗಳ ನಡುವೆ. ಹುಡುಗ ಮುಂದಿನ ಪ್ರಶ್ನೆ ಕೇಳುವ ಮೊದಲೇ ಹೇಳಿದೆ: ಕ್ರೇಫಿಶ್ ತಂದು ಬಿಡೋ ಯೋಚನೆ ಬೇಡ. ಬೇರೆ ದೇಶಗಳಲ್ಲಿ ಅವು ಕೊಳದಿಂದ ತಪ್ಪಿಸಿಕೊಂಡು ಕೆರೆ ಹೊಳೆ ಹಾಳು ಮಾಡಿವೆ. ನಮ್ಮ ಕೆರೆಗಳು ಒಂದಕ್ಕೊಂದು ಕಾಲುವೆಯಲ್ಲಿ ಸೇರಿಕೊಂಡಿರುವವು.

ಶಾವಿಗೆ ಒರಳು

ಹೊಸ ಮಿಶ್ರಣ ಹೀಗೆ ಆಯಿತು. ಸೋಯಾ ಹಿಂಡಿ 25, ಎಣ್ಣೆ ತೆಗೆದ ತೌಡು 20, ಕಡಲೆಕಾಯಿ ಹಿಂಡಿ 15, ರಾಗಿ ಹಿಟ್ಟು 14, ಪ್ಯೂಪಾ 12, ಉಪ್ಪು ಹಾಕದ ಒಣಮೀನಿನ ಪುಡಿ 12, ದನಕ್ಕೆ ಕೊಡುವ ಖನಿಜ ಮಿಶ್ರಣ 2. ಪ್ರೋಟೀನ್ ನೂರಕ್ಕೆ 33, 34. ಕೊಬ್ಬು 6ರೊಳಗೆ. ಹಳೆ ಪ್ಯೂಪಾ ಬಿಟ್ಟು, ಹೊಸದಾಗಿ ಒಣಗಿಸಿದ್ದನ್ನು ಹತ್ತು ದಿನಕ್ಕೆ ಬೇಕಾದಷ್ಟೇ ತರುವುದು ಅಂತ ಮಾತಾಯಿತು. ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಕಂಡರೆ ಇಡೀ ಚೀಲ ವಾಪಸ್, ಯಾಕೆಂದರೆ ಆ ಬೂಷ್ಟಿನ ವಿಷವೂ ಅದೇ ಹಳದಿ ಅಂಗಕ್ಕೆ ಹೋಗಿ ಕೂರುತ್ತದೆ. ಸೋಯಾ ಕಾಳು ಹಸಿಯಾಗಿ ಅರೆದು ಹಾಕಬಾರದು. ಅದರಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ವಸ್ತು ಇದೆ, ಬಿಸಿ ಮಾಡಿದರೆ ಮಾತ್ರ ಹೋಗುತ್ತದೆ. ಅಂಗಡಿಯ ಹಿಂಡಿ ಹುರಿದೇ ಬಂದಿರುತ್ತದೆ.

ರಾಗಿ ಯಾಕೆ ಅಂದರೆ ಅಂಟಿಗೆ. ನಾನು ಮೈದಾ ಅಂದಿದ್ದೆ. ಅತ್ತೆ ನಕ್ಕುಬಿಟ್ಟರು. "ಮುದ್ದೆ ಕಟ್ಟೋಕೆ ನಮಗೆ ಹೇಳಿಕೊಡ್ತೀಯಾ?" ದೊಡ್ಡ ಪಾತ್ರೆಯಲ್ಲಿ ರಾಗಿ ಹಿಟ್ಟು ಬೇಯಿಸಿ, ಒಲೆಯಿಂದ ಇಳಿಸಿ, ಮಿಕ್ಕ ಪುಡಿಗಳನ್ನು ಕೋಲಿನಲ್ಲಿ ತಿರುವಿ ಸೇರಿಸಿದರು. ಬಿಸಿ ಇರುವಾಗಲೇ ಶಾವಿಗೆ ಒರಳಿಗೆ ಹಾಕಿ ಒತ್ತಿದರು. ಗೋಣಿ ಚೀಲದ ಮೇಲೆ ಉದ್ದುದ್ದ ಎಳೆ. ಸಂಜೆಗೆ ಒಣಗಿತು, ಕೈಯಲ್ಲಿ ಮುರಿದರೆ ಅಕ್ಕಿಯಷ್ಟುದ್ದದ ತುಣುಕು. ಲೋಟದ ನೀರಿಗೆ ಹಾಕಿ ಗಡಿಯಾರ ನೋಡಿದೆವು. ಒಂದೂವರೆ ಗಂಟೆ ಆದರೂ ತುಣುಕು ಹಾಗೇ ಇತ್ತು, ನೀರು ಮಾತ್ರ ಸ್ವಲ್ಪ ಟೀ ಬಣ್ಣಕ್ಕೆ ಬಂತು. ಪಿಷ್ಟ ಬೆಂದಿತ್ತು, ಎಣ್ಣೆ ಕಮ್ಮಿ ಇತ್ತು, ಅದಕ್ಕೇ ಹಿಡಿದುಕೊಂಡಿತು. ನನ್ನ ಮೈದಾಕ್ಕೆ ಇಷ್ಟು ಬರುತ್ತಿತ್ತೋ ಇಲ್ಲವೋ.

ಪ್ರಮಾಣವನ್ನೂ ಇಳಿಸಿದೆವು. ಉಳಿದಿರುವ ಸಿಗಡಿ ಹತ್ತು ಕೆಜಿಯ ಮೇಲೆ ತೂಗಲಾರವು. ತೂಕದ ನೂರಕ್ಕೆ 5 ಅಂತ ಹಿಡಿದರೂ ದಿನಕ್ಕೆ ಅರ್ಧ ಕೆಜಿ. ಮಾವ ಹಾಕುತ್ತಿದ್ದದ್ದು ಅದರ ನಾಲ್ಕು ಪಟ್ಟು. ಮೀನಿಗೆ ಬೇರೆ ಮೂಲೆಯಲ್ಲಿ ಮೊದಲೇ ಸ್ವಲ್ಪ ತೌಡು, ಹಿಂಡಿ. ಅವು ಅಲ್ಲಿ ಗಲಾಟೆ ಮಾಡುವಾಗ ಈ ಕಡೆ ಸಿಗಡಿಗೆ. ಮುಕ್ಕಾಲು ಪಾಲು ಕತ್ತಲಾಗುವ ಹೊತ್ತಿಗೆ, ಯಾಕೆಂದರೆ ಸಿಗಡಿ ರಾತ್ರಿ ಮೇಯುವ ಜೀವ.

ಹುಳು ಮನೆಯ ಹಳೆ ಬಿದಿರಿನ ತಟ್ಟೆಗಳಿಗೆ ಸೊಳ್ಳೆ ಪರದೆ ಹೊಲಿದು, ಕಲ್ಲು ಕಟ್ಟಿ ನಾಲ್ಕು ಕಡೆ ಇಳಿಸಿದೆವು. ಆಹಾರದ ಒಂದು ಪಾಲು ಅದರಲ್ಲಿ. ಎರಡು ಗಂಟೆ ಬಿಟ್ಟು ಎತ್ತಿ ನೋಡಿದರೆ ತಿಂದವೋ ಬಿಟ್ಟವೋ ಗೊತ್ತಾಗುತ್ತದೆ. ಹುಳು ಗೂಡು ಕಟ್ಟೋಕೆ ಬಿಡುವ ಚಂದ್ರಿಕೆಗಳಲ್ಲಿ ಮುರಿದವೂ ತಳಕ್ಕೆ ಹೋದವು. ಜ್ವರದಲ್ಲಿರುವ ಸಿಗಡಿಗೆ ಬಚ್ಚಿಟ್ಟುಕೊಳ್ಳಲು ಜಾಗ ಬೇಕು, ಇಲ್ಲದಿದ್ದರೆ ಜೊತೆಯವೇ ತಿಂದುಹಾಕುತ್ತವೆ. ಹುಳು ಮನೆಯ ಸಾಮಾನಿಗೆ ಸೋಂಕು ನಿವಾರಕ ಹೊಡೆದಿರುತ್ತಾರಲ್ಲ, ಹಾಗಾಗಿ ಮೂರು ದಿನ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿಯೇ ಇಳಿಸಿದ್ದು.

ಆಮೇಲೆ

ತಳದ ಕೊಳೆ ನೀರನ್ನು ಪೈಪು ಹಾಕಿ ಎಳೆದು ಹಿಪ್ಪುನೇರಳೆಗೆ ಬಿಟ್ಟರು. ಹೊಸ ಆಹಾರ ಶುರುವಾಗಿ ಎರಡು ವಾರಕ್ಕೆ ದಡದಲ್ಲಿ ಸತ್ತ ಸಿಗಡಿ ಸಿಗುವುದು ದಿನಕ್ಕೆ ಒಂದು, ಕೆಲವು ದಿನ ಸೊನ್ನೆ. ಅಕ್ಟೋಬರ್ ಕೊನೆಗೆ ಬಲೆ ಹಾಕಿದಾಗ ಸರಾಸರಿ 15 ಗ್ರಾಂ. ತಲೆ ಬಿಚ್ಚಿ ನೋಡಿದೆ, ಬಣ್ಣ ಕಂದಿಗೆ ತಿರುಗಿತ್ತು.

ಆಮೇಲೆ ಚಳಿ ಬಂತು. ಈ ಸಿಗಡಿಗೆ ಇಷ್ಟವಾಗುವುದು 28ರಿಂದ 31 ಡಿಗ್ರಿ ನೀರು. ಡಿಸೆಂಬರ್‌ನಲ್ಲಿ ನಮ್ಮ ಕಡೆ ಬೆಳಗಿನ ಜಾವ ಹೊಂಡದ ನೀರು 20ಕ್ಕಿಂತ ಕೆಳಗೆ ಇಳಿಯಿತು. ತಟ್ಟೆಯಲ್ಲಿ ಆಹಾರ ಉಳಿಯತೊಡಗಿತು. ಮಾವ ತಟ್ಟೆ ನೋಡಿ ತಾವೇ ಅರ್ಧಕ್ಕೆ ಇಳಿಸಿದರು, ನನ್ನನ್ನು ಕೇಳಲೂ ಇಲ್ಲ. ಜನವರಿ ಮೊದಲ ವಾರ ನೀರು ಬಸಿದು ಹಿಡಿದಾಗ ಸಿಕ್ಕಿದ್ದು 1,100 ಚಿಲ್ಲರೆ ಸಿಗಡಿ, ಸರಾಸರಿ 28 ಗ್ರಾಂ. ಹತ್ತಿರ ಹತ್ತಿರ 31 ಕೆಜಿ. ನೀಲಿ ಕೊಂಡಿಯ ಯಜಮಾನ ಒಬ್ಬ 90 ಗ್ರಾಂ ಇದ್ದ. ಮೀನಿನ ದುಡ್ಡು ಸೇರಿಸಿದರೆ ಮಾವನಿಗೆ ನಷ್ಟ ಆಗಲಿಲ್ಲ. ಲಾಭ ಅಂತ ಎದೆ ತಟ್ಟಿಕೊಳ್ಳುವಷ್ಟೂ ಇರಲಿಲ್ಲ.

ಕೊಬ್ಬೊಂದೇ ಕಾರಣ ಅಂತ ನಾನು ಆಣೆ ಇಟ್ಟು ಹೇಳಲಾರೆ. ಮಿಶ್ರಣ ಬದಲಾಯಿಸಿದ ವಾರವೇ ಪ್ರಮಾಣ ಇಳಿಸಿದೆವು, ನೀರು ಬದಲಾಯಿಸಿದೆವು, ಚಂದ್ರಿಕೆ ಹಾಕಿದೆವು. ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ಹೊಂಡ ಇರಲಿಲ್ಲ. ಪ್ರಯೋಗ ಅಂತ ಮಾಡಿದ್ದರೆ ಒಂದೊಂದನ್ನೇ ಬದಲಾಯಿಸಬೇಕಿತ್ತು. ಆದರೆ ದಿನಾ ಬೆಳಿಗ್ಗೆ ಸತ್ತ ಸಿಗಡಿ ಎಣಿಸುವ ಮನುಷ್ಯನಿಗೆ "ಇರಿ ಮಾವ, ಒಂದೊಂದಾಗಿ ನೋಡೋಣ" ಅನ್ನೋಕಾಗುತ್ತದಾ? ಎಣ್ಣೆ ಅಂಟಿದ ಆ ಹಳದಿ ಅಂಗ ಮತ್ತೆ ಕಂದು ಬಣ್ಣಕ್ಕೆ ಬಂದದ್ದು ಮಾತ್ರ ಬರೀ ನೀರು ಬದಲಾಯಿಸಿದ್ದರಿಂದ ಆಗಿರಲಾರದು ಅಂತ ನನ್ನ ಅನಿಸಿಕೆ.

ಈ ಸಲ ಮಾವ ಮರಿಯನ್ನು ಮೇ ತಿಂಗಳಲ್ಲೇ ಬಿಡುತ್ತಾರಂತೆ, ಚಳಿಗೆ ಮುಂಚೆ ಹಿಡಿಯೋಕೆ. ಕಮಟು ಹಿಡಿದ ಎರಡು ಮೂಟೆ ಪ್ಯೂಪಾ ಗೊಬ್ಬರದ ಗುಂಡಿಗೆ ಹೋಯಿತು. ಸಿಗಡಿಗೆ ಶಾವಿಗೆ ಒತ್ತಿಕೊಡೋಕೆ ಅತ್ತೆ ಒಪ್ಪಿದ್ದಾರೆ, ಆದರೆ ಒರಳು ಬೇರೆ ಬೇಕಂತೆ. ಹಳೇದನ್ನು ಹುಣಸೆಹಣ್ಣು, ಬೂದಿ ಹಾಕಿ ನಾಲ್ಕು ಸಲ ಉಜ್ಜಿದರೂ ಸಂಕ್ರಾಂತಿಯ ಶಾವಿಗೆಯಲ್ಲಿ ಒಣಮೀನಿನ ವಾಸನೆ ಬಂತು.